ಪಾಥೇಯವೂ ಬುತ್ತಿಯೂ

ನಮ್ಮ ಪ್ರಾಚೀನ ಕಾವ್ಯಪುರಾಣಗಳಲ್ಲಿ ಪ್ರಯಾಣದ ವರ್ಣನೆಗಳು ಹೇರಳವಾಗಿವೆ. ಆದರೆ ಕಾಡುಬೆಟ್ಟಗಳನ್ನು ಕಾಲ್ನಡೆಯಾಗಿ ದಾಟುವವನು ಹೆಗಲ ಮೇಲೆ ಏನನ್ನು ಹೊತ್ತಿದ್ದನೆಂಬುದನ್ನು ಕವಿಗಳು ವಿಸ್ತರಿಸಿ ಹೇಳುವುದು ವಿರಳ. ಈ ವಿಷಯದಲ್ಲಿ ಕಾವ್ಯಗಳಿಗಿಂತ ಶಬ್ದಗಳೂ ಆಚಾರಗಳೂ ನಮಗೆ ಹೆಚ್ಚಿನ ಸಹಾಯವನ್ನು ಮಾಡುತ್ತವೆ.

ಮೊದಲು ಶಬ್ದವಿಚಾರ. ‘ಪಾಥೇಯ’ವೆಂಬ ರೂಪವನ್ನು ಪಾಣಿನಿಯು (4.4.104) ‘ಪಥಿನ್’ ಶಬ್ದಕ್ಕೆ ಢಞ್ ಪ್ರತ್ಯಯವನ್ನು ಹೇಳಿ ಸಾಧಿಸಿದ್ದಾನೆ. ಅಲ್ಲಿ ಪ್ರತ್ಯಯಾರ್ಥವು ‘ಅದರಲ್ಲಿ ಸಾಧುವಾದುದು’ ಎಂಬುದು. ಹಾಗಾದರೆ ಪಾಥೇಯವೆಂದರೆ ದಾರಿಯಲ್ಲಿ ಉಣ್ಣುವ ಅನ್ನವೆಂದಷ್ಟೇ ಅಲ್ಲ. ದಾರಿಗೆ ತಕ್ಕದ್ದು ಎಂದರ್ಥ. ಮನೆಯಲ್ಲಿ ರುಚಿಯಾದ ಎಷ್ಟೋ ಪದಾರ್ಥಗಳು ದಾರಿಗೆ ಸಾಧುವಲ್ಲ. ಕನ್ನಡದ ‘ಬುತ್ತಿ’ಯನ್ನಾದರೋ ‘ಭುಕ್ತಿ’ಯ ತದ್ಭವವೆಂದು ಹೇಳುವುದುಂಟು. ಅದರಲ್ಲಿ ಊಟದ ಭಾವವೇ ಮುಖ್ಯ. ದಾರಿಯ ಭಾವವು ‘ಬುತ್ತಿ ಕಟ್ಟು’ ಎಂಬ ಪ್ರಯೋಗದಲ್ಲಿನ ಕಟ್ಟುವ ಕ್ರಿಯೆಯಿಂದ ಬಂದುದು.

ದಾರಿಗೆ ಸಾಧುವಾದುದು ಯಾವುದು? ಸಕ್ತು, ಲಾಜ, ಪೃಥುಕ, ಅಂದರೆ ಹುರಿಹಿಟ್ಟು, ಅರಳು, ಅವಲಕ್ಕಿ ಎಂಬ ಮೂರನ್ನು ಪ್ರಧಾನವಾಗಿ ಹೇಳಬಹುದು. ಸಕ್ತುವನ್ನು ಜರಡಿಯಿಂದ ಶೋಧಿಸುವ ಉಪಮಾನವು ಋಗ್ವೇದದಲ್ಲಿಯೇ (10.71) ಬಂದಿದೆ. ಪೃಥುಕಕ್ಕೆ ಚಿಪಿಟಕವೆಂಬ ಪರ್ಯಾಯವನ್ನು ಅಮರಸಿಂಹನು ಕೊಟ್ಟಿದ್ದಾನೆ. ಈ ಮೂರಕ್ಕೂ ಸಾಮಾನ್ಯವಾದ ಗುಣವೊಂದುಂಟು: ಬೆಂಕಿಯ ಕೆಲಸವು ಮನೆಯಲ್ಲಿಯೇ ಮುಗಿದಿರುತ್ತದೆ. ಹುರಿದಾಗ ಧಾನ್ಯದ ನೀರು ಆರಿ ಭಾರವು ಕುಗ್ಗುವುದು. ಬೇಗನೆ ಕೆಡುವುದೂ ತಪ್ಪುವುದು. ನೀರು ದೊರೆತಲ್ಲಿ ಕಲಸಿಕೊಂಡರೆ ಊಟ ಸಿದ್ಧ. ಆದಕಾರಣ ಪಥಿಕನು ಸೌದೆಯನ್ನು ಹುಡುಕಬೇಕಾಗಿಲ್ಲ, ಪಾತ್ರೆಯನ್ನು ಹೊರಬೇಕಾಗಿಲ್ಲ. ಗಂಟು ಹಗುರವಾದುದು ಪಾತ್ರೆಯನ್ನು ತೆಳ್ಳಗೆ ಮಾಡಿದುದರಿಂದಲ್ಲ, ಪಾತ್ರೆಯೇ ಬೇಡವಾಗುವಂತೆ ಆಹಾರವನ್ನು ಸಂಸ್ಕರಿಸಿದುದರಿಂದ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಬೌದ್ಧರ ಮಹಾವಗ್ಗದಲ್ಲಿ ಸ್ಪಷ್ಟವಾದ ನಿದರ್ಶನವಿದೆ. ಬೋಧಿಯನ್ನು ಪಡೆದ ಬುದ್ಧನಿಗೆ ತಪಸ್ಸು, ಭಲ್ಲಿಕರೆಂಬ ಸಂಚಾರಿ ವರ್ತಕರು ಮಂಥವನ್ನೂ ಮಧುಪಿಂಡವನ್ನೂ ಅರ್ಪಿಸಿದರು. ವ್ಯಾಖ್ಯಾನಕಾರರ ಪ್ರಕಾರ ಮೊದಲನೆಯದು ಬಿಡಿಯಾದ ಹುರಿಹಿಟ್ಟು, ಎರಡನೆಯದು ತುಪ್ಪ ಜೇನು ಮೊದಲಾದವುಗಳಿಂದ ಉಂಡೆ ಕಟ್ಟಿದ ಹುರಿಹಿಟ್ಟು. ದಾರಿಹೋಕರ ಗಂಟಿನಿಂದ ಕೂಡಲೆ ತೆಗೆದುಕೊಡಬಹುದಾದುದು ಅದೇ ಅಲ್ಲವೆ? ಆಗ ಸ್ವೀಕರಿಸಲು ಬುದ್ಧನ ಬಳಿ ಪಾತ್ರೆಯಿರಲಿಲ್ಲವೆಂದೂ ಚತುರ್ಮಹಾರಾಜರು ಶಿಲಾಪಾತ್ರೆಗಳನ್ನು ತಂದಿತ್ತರೆಂದೂ ಅಲ್ಲಿಯೇ ಹೇಳಿದೆ.

ಪಾತ್ರೆಗಳ ವಿಷಯದಲ್ಲಿ ಮನುಸ್ಮೃತಿಯ ಆರನೆಯ ಅಧ್ಯಾಯವು ಗಮನಾರ್ಹವಾದುದು. ಯತಿಗೆ ಲೋಹದ ಪಾತ್ರೆ ಸಲ್ಲದು. ಸೋರೆ ಬುರುಡೆ, ಮರ, ಮಣ್ಣು, ಬಿದಿರು ಇವುಗಳ ಪಾತ್ರೆಯೇ ವಿಹಿತ. ಶಾಸ್ತ್ರಕಾರನ ದೃಷ್ಟಿಯು ಅಪರಿಗ್ರಹದ ಕಡೆಗಿರಬಹುದು. ಆದರೂ ಸದಾ ಸಂಚರಿಸುವವನಿಗೆ ಒಣಗಿದ ಸೋರೆ ಬುರುಡೆಯಷ್ಟು ಹಗುರವಾದ ಜಲಪಾತ್ರೆ ದೊರೆಯುವುದು ಕಷ್ಟ. ಗೃಹಸ್ಥನಾದ ಪಥಿಕನಿಗೆ ಮುತ್ತುಗದ ಎಲೆ, ಬಾಡಿಸಿದ ಬಾಳೆಯೆಲೆ, ಮಲೆನಾಡಿನಲ್ಲಿ ಅಡಕೆಯ ಹಾಳೆ ಇವೇ ಸಾಕಾಗಿದ್ದವು. ಉಂಡ ಮೇಲೆ ಬಿಸುಟರೆ ಹೊರೆಯೂ ಇಲ್ಲ, ತೊಳೆಯುವ ಶ್ರಮವೂ ಇಲ್ಲ.

ಕನ್ನಡನಾಡಿನಲ್ಲಿ ಈ ಕ್ರಮವು ಪ್ರದೇಶಾನುಸಾರವಾಗಿ ಭೇದವನ್ನು ಹೊಂದಿದೆ. ರಾಗಿಯ ಸೀಮೆಯಲ್ಲಿ ಹುರಿಹಿಟ್ಟು ಮತ್ತು ಬೆಲ್ಲ. ಉತ್ತರದಲ್ಲಿ ಒಣಗಿಸಿದ ಕಟಕ ಜೋಳದ ರೊಟ್ಟಿ. ಯುಗಾದಿಗೆ ಶ್ರೀಶೈಲಕ್ಕೆ ನಲ್ಲಮಲೆಯ ಕಾಡಿನಲ್ಲಿ ನಡೆದು ಹೋಗುವ ಭಕ್ತರು ಇಂದಿಗೂ ಉಂಟು. ಇಂಥ ಪ್ರಯಾಣಕ್ಕೆ ರೊಟ್ಟಿಯೊಡನೆ ಕಟ್ಟುವ ಶೇಂಗಾ ಚಟ್ನಿಪುಡಿಯನ್ನು ಮಾತ್ರ ಪ್ರಾಚೀನವೆಂದು ಭ್ರಮಿಸಕೂಡದು. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕಾ ಖಂಡದಿಂದ ಬಂದವು. 16ನೆಯ ಶತಮಾನಕ್ಕೆ ಹಿಂದಿನ ಬುತ್ತಿಯಲ್ಲಿ ಅವು ಇರಲಾರವು. ಇನ್ನು ಆಚಾರದ ಮಾತು: ಬೇಯಿಸಿದ ಅನ್ನವು ಮುಸುರೆ, ಅವಲಕ್ಕಿ, ಅರಳು, ಹುರಿಹಿಟ್ಟುಗಳಿಗೆ ಆ ನಿರ್ಬಂಧವು ಸಡಿಲ. ಮಡಿಯು ಸಾಗದ ದಾರಿಯಲ್ಲಿ ಇದು ದೊಡ್ಡ ಅನುಕೂಲ.

ಇಷ್ಟನ್ನು ತಿಳಿದು ಭಾಗವತದ ದಶಮಸ್ಕಂಧದ (ಅ. 80–81) ಕುಚೇಲೋಪಾಖ್ಯಾನವನ್ನು ನೋಡಬೇಕು. ಬಟ್ಟೆಯ ತುಂಡಿನಲ್ಲಿ ಕಟ್ಟಿದ ನಾಲ್ಕು ಮುಷ್ಟಿ ಅವಲಕ್ಕಿಯನ್ನು ಪಾಠಪ್ರವಚನಗಳಲ್ಲಿ ಕೇವಲ ದಾರಿದ್ರ್ಯದ ಚಿಹ್ನೆಯೆಂದು ವಿವರಿಸುವುದು ವಾಡಿಕೆ. ದಾರಿದ್ರ್ಯವೇನೋ ಸತ್ಯ, ಆತನ ಪತ್ನಿಯು ಅದನ್ನು ಬೇಡಿಯೇ ತಂದಳು. ಆದರೆ ಅಕ್ಕಿಯನ್ನು ಕೊಟ್ಟಿದ್ದರೆ ಕೃಷ್ಣನು ಅದನ್ನು ಬೇಯಿಸದೆ ತಿನ್ನುವಂತಿರಲಿಲ್ಲ. ಅನ್ನವನ್ನು ಕಟ್ಟಿದ್ದರೆ ಅದು ದ್ವಾರಕೆಯವರೆಗೆ ಉಳಿಯುತ್ತಿರಲಿಲ್ಲ. ಪಾತ್ರೆಯಿಲ್ಲದೆ ಹಳೆಯ ಬಟ್ಟೆಯಲ್ಲಿ ಸಾಗಿ, ಗಂಟು ಬಿಚ್ಚಿದ ಕ್ಷಣವೇ ಮುಷ್ಟಿಯಿಂದ ಬಾಯಿಗೆ ಹೋಗಬಲ್ಲುದು ಅವಲಕ್ಕಿಯೊಂದೇ. ಒಂದು ಮುಷ್ಟಿಯನ್ನು ತಿಂದು ಎರಡನೆಯದಕ್ಕೆ ಕೈಯಿಡುವಾಗ ರುಕ್ಮಿಣಿಯು ತಡೆಯುವ ಪ್ರಸಂಗವೆಲ್ಲ ಈ ಗುಣವನ್ನೇ ಆಶ್ರಯಿಸಿದೆ. ಆ ಗಂಟು ಬಡವನ ಕಾಣಿಕೆಯಾಗಿರುವಂತೆಯೇ, ದಾರಿಯನ್ನು ಬಲ್ಲ ಗೃಹಿಣಿಯ ವಿವೇಕವೂ ಆಗಿದೆ. ಉಪಾಧ್ಯಾಯರು ಈ ಭಾಗವನ್ನು ಬೋಧಿಸುವಾಗ ಇದನ್ನೂ ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ಉಚಿತ.

ಇಂದು ಗಾಡಿ ರೈಲುಗಳಲ್ಲಿ ಹೋಗುವ ನಮಗೆ ಬುತ್ತಿಯ ಭಾರವು ತಿಳಿಯದು. ಬುತ್ತಿಯ ಬಗೆಗಳನ್ನೂ ಅವನ್ನು ಕಟ್ಟುವ ಎಲೆ, ಹಾಳೆ, ಚೀಲಗಳ ದೇಶ್ಯನಾಮಗಳನ್ನೂ ಬಲ್ಲ ವೃದ್ಧರು ಊರೂರುಗಳಲ್ಲಿ ಇರುವಾಗಲೇ ವಾಚಕರು ಅವನ್ನು ಸಂಗ್ರಹಿಸಿದರೆ ನಮ್ಮ ನಿಘಂಟಿಗೂ ಚರಿತ್ರೆಗೂ ಉಪಕಾರವಾದೀತು.