ಎಲೆ ಹಳದಿಯಾದದ್ದೇಕೆ? – ಒಂದು ಪ್ರಶ್ನೆಯ ಇತಿಹಾಸ

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಬಣ್ಣಕ್ಕೆ ಬೆಲೆಯಿದೆ. ಇಲ್ಲಿನ ಡಬ್ಬಿ, ಕಡ್ಡಿ ಮೆಣಸಿನಕಾಯಿಗಳು ಖಾರದಲ್ಲಿ ಸೌಮ್ಯ, ಬಣ್ಣದಲ್ಲಿ ಗಾಢ. 2011ರಲ್ಲಿ ಇವಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಕಾಯಿ ಕೆಂಪಾಗುವುದು ಎಲ್ಲರಿಗೂ ಬೇಕು. ಎಲೆ ಹಳದಿಯಾಗುವುದು ಯಾರಿಗೂ ಬೇಡ. ಹೊಲದ ಬೆಳೆಯಾಗಲಿ, ಹಿತ್ತಲಿನ ಕುಂಡದ ಕರಿಬೇವು, ದಾಸವಾಳ, ಮೆಣಸಿನ ಗಿಡವಾಗಲಿ, ಎಲೆ ಹಳದಿಗಟ್ಟಿದೊಡನೆ ಸಿಗುವ ಸಲಹೆಗಳು ಎರಡೇ: ‘ಗೊಬ್ಬರ ಹಾಕಿ’, ಇಲ್ಲವೇ ‘ಔಷಧಿ ಹೊಡೆಯಿರಿ’. ಕಾರಣ ತಿಳಿಯದೆ ಮಾಡಿದರೆ ಎರಡೂ ತಪ್ಪಾಗಬಹುದು. ಕುಂಡದಲ್ಲಾದರೆ ಒಂದು ಗಿಡ ಹೋದೀತು. ಹೊಲದಲ್ಲಾದರೆ ಹಣ ಹೋಗುತ್ತದೆ, ಮಣ್ಣಿಗೂ ಕಾಯಿಗೂ ವಿಷ ಸೇರುತ್ತದೆ.

ಹಳದಿ ಎಲೆ ಒಂದು ರೋಗದ ಹೆಸರಲ್ಲ. ಜ್ವರದಂತೆ ಅದೊಂದು ಲಕ್ಷಣ. ಅದರ ಹಿಂದಿನ ಕಾರಣಗಳನ್ನು ಬಿಡಿಬಿಡಿಯಾಗಿ ಗುರುತಿಸಲು ವಿಜ್ಞಾನಕ್ಕೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಥೆ ಆರಂಭವಾದದ್ದೂ ಒಂದು ಕುಂಡದಿಂದಲೇ.

ಲೆಕ್ಕಕ್ಕೆ ಬಾರದ ಎರಡು ಔನ್ಸ್

ಬೆಲ್ಜಿಯಂ ಪ್ರದೇಶದ ವಾನ್ ಹೆಲ್ಮಾಂಟ್ ಒಂದು ದೊಡ್ಡ ಕುಂಡದಲ್ಲಿ 200 ಪೌಂಡ್ ಒಣಮಣ್ಣು ತುಂಬಿ, 5 ಪೌಂಡ್ ತೂಕದ ವಿಲೋ ಸಸಿಯೊಂದನ್ನು ನೆಟ್ಟ. ಐದು ವರ್ಷ ನೀರನ್ನಷ್ಟೇ ಎರೆದ. ಸಸಿ 169 ಪೌಂಡ್ ಮೀರಿ ಬೆಳೆಯಿತು. ಮಣ್ಣನ್ನು ಒಣಗಿಸಿ ತೂಗಿದಾಗ ಕಡಿಮೆಯಾಗಿದ್ದುದು ಕೇವಲ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಗಿಡ ಬೆಳೆದದ್ದು ನೀರಿನಿಂದಲೇ ಎಂದು ಆತ ತೀರ್ಮಾನಿಸಿದ. ಅವನ ಬರಹ ಪ್ರಕಟವಾದದ್ದು ಮರಣಾನಂತರ, 1648ರಲ್ಲಿ. ಗಿಡ ಗಾಳಿಯಿಂದ ಇಂಗಾಲವನ್ನು ಪಡೆಯುವ ಸಂಗತಿ ಆಗ ತಿಳಿದಿರಲಿಲ್ಲ. ಆತ ಲೆಕ್ಕಕ್ಕೇ ತೆಗೆದುಕೊಳ್ಳದ ಆ ಎರಡು ಔನ್ಸ್‌ಗಳಲ್ಲಿಯೇ ಹಳದಿ ಎಲೆಯ ಗುಟ್ಟು ಅಡಗಿತ್ತು.

1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನ ಗಿಡಗಳನ್ನು ಬೇರೆ ಬೇರೆ ಬಗೆಯ ನೀರಿನಲ್ಲಿ ಬೆಳೆಸಿದ ಪ್ರಯೋಗವನ್ನು ಪ್ರಕಟಿಸಿದ. ಮಳೆಯ ನೀರಿಗಿಂತ ಮಣ್ಣು ಬೆರೆತ ನೀರಿನಲ್ಲಿ ಗಿಡ ಹುಲುಸಾಗಿತ್ತು. ಅಂದಮೇಲೆ ನೀರಿನಷ್ಟೇ ಮಣ್ಣಿನಲ್ಲಿರುವುದೂ ಮುಖ್ಯ ಎಂದಾಯಿತು. ಆದರೆ ಮಣ್ಣಿನಲ್ಲಿರುವ ಯಾವುದು?

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಮತ್ತು ಲೀಬಿಗ್ ಈ ಪ್ರಶ್ನೆಯನ್ನು ಮುಂದಕ್ಕೊಯ್ದರು. ಗಿಡಕ್ಕೆ ಬೇಕಾದ ಖನಿಜಗಳಲ್ಲಿ ಅತ್ಯಂತ ಕಡಿಮೆ ಬಿದ್ದ ಒಂದೇ ಅದರ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುತ್ತದೆ ಎಂಬುದು ಅವರ ನಿಯಮ. ಅಡುಗೆಗೆ ಉಪ್ಪೇ ಇಲ್ಲದಿದ್ದರೆ ಬೇಳೆ ಎಷ್ಟು ಸುರಿದರೇನು?

ಅನ್ನಭೇದಿಯ ಚಿಕಿತ್ಸೆ

1843ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಯೂಸೆಬ್ ಗ್ರಿ ಹಳದಿ ಎಲೆಯ ಮೊದಲ ಖಚಿತ ಚಿಕಿತ್ಸೆಯನ್ನು ವರದಿ ಮಾಡಿದ. ರಕ್ತಹೀನತೆಯಿಂದ ಬಿಳಿಚಿಕೊಂಡ ಹೆಣ್ಣುಮಕ್ಕಳ ಕಾಯಿಲೆಗೆ ಆ ಕಾಲದಲ್ಲಿ ಕ್ಲೋರೋಸಿಸ್ ಎಂಬ ಹೆಸರಿತ್ತು. ವೈದ್ಯರು ಅದಕ್ಕೆ ಕಬ್ಬಿಣದ ಲವಣ ಕೊಡುತ್ತಿದ್ದರು. ಗಿಡಗಳ ಬಿಳಿಚುವಿಕೆಗೂ ಅದೇ ಹೆಸರು ಬಳಕೆಯಲ್ಲಿತ್ತು. ಗ್ರಿ ಗಿಡಕ್ಕೂ ಕಬ್ಬಿಣವನ್ನೇ ಕೊಟ್ಟು ನೋಡಿದ. ಬೇರಿಗೆ ಹಾಕಿದಾಗಲೂ ಎಲೆಗೆ ಲೇಪಿಸಿದಾಗಲೂ ಹಸಿರು ಮರಳಿತು. ಅವನ ಮಗ ಆರ್ತರ್ ಗ್ರಿ 1857ರಲ್ಲಿ, ಬಿಳಿಚಿದ ಎಲೆಯ ಹಸಿರು ಕಣಗಳು ಹೇಗೆ ಕೆಟ್ಟಿರುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ. ಅವರು ಬಳಸಿದ ಕಬ್ಬಿಣದ ಸಲ್ಫೇಟ್ ನಮಗೆ ಹೊಸದಲ್ಲ. ಗ್ರಂದಿಗೆ ಅಂಗಡಿಯ ಅನ್ನಭೇದಿ ಅದೇ.

1860ರ ಸುಮಾರಿಗೆ ಜರ್ಮನಿಯ ಸ್ಯಾಕ್ಸ್ ಮತ್ತು ನಾಪ್ ಮಣ್ಣನ್ನೇ ಬಿಟ್ಟು, ತಿಳಿದ ಲವಣಗಳ ದ್ರಾವಣದಲ್ಲಿ ಗಿಡ ಬೆಳೆಸಿದರು. ಒಂದೊಂದು ಲವಣವನ್ನೇ ಬಿಟ್ಟರೆ ಗಿಡ ಹೇಗೆ ಸೊರಗುತ್ತದೆ ಎಂದು ನೋಡುವುದು ಇದರಿಂದ ಸಾಧ್ಯವಾಯಿತು. ಮುಂದಿನ ಕಾಲದಲ್ಲಿ ಈ ವಿಧಾನದಿಂದಲೇ ಒಂದು ಉಪಯುಕ್ತ ಸೂತ್ರ ಸ್ಪಷ್ಟವಾಯಿತು. ಸಾರಜನಕ, ಮೆಗ್ನೀಸಿಯಮ್, ಪೊಟ್ಯಾಸಿಯಮ್‌ಗಳನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸಬಲ್ಲದು. ಆದ್ದರಿಂದ ಇವುಗಳ ಕೊರತೆ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ. ಕಬ್ಬಿಣವನ್ನು ಹೀಗೆ ಸುಲಭವಾಗಿ ಸಾಗಿಸಲಾಗದು. ಅದರ ಕೊರತೆ ಕಾಣುವುದು ಚಿಗುರಿನಲ್ಲಿ: ನರಗಳು ಹಸಿರು, ನಡುವಣ ಭಾಗ ಹಳದಿ.

ಹಳದಿ ಬಣ್ಣ ಎಲ್ಲಿಂದ ಬಂತು?

ಎಲೆಯ ಹಸಿರು ಹೋದಾಗ ಹಳದಿಯೇ ಏಕೆ ಕಾಣಬೇಕು? ರಷ್ಯದ ಸಸ್ಯವಿಜ್ಞಾನಿ ಸ್ವೆಟ್ 1906ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಉತ್ತರವಿತ್ತು. ಆತ ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ನುಣ್ಣನೆಯ ಪುಡಿ ತುಂಬಿ, ಎಲೆಯ ಸಾರವನ್ನು ಮೇಲಿನಿಂದ ಹರಿಯಬಿಟ್ಟ. ಹಸಿರು ಪಟ್ಟಿಗಳ ಜೊತೆಗೆ ಹಳದಿ ಪಟ್ಟಿಗಳೂ ಬೇರ್ಪಟ್ಟವು. ಹಳದಿಯ ಕ್ಯಾರೊಟಿನಾಯ್ಡ್ ವರ್ಣಕಗಳು ಎಲೆಯಲ್ಲಿ ಮೊದಲಿನಿಂದಲೂ ಇರುತ್ತವೆ. ಪತ್ರಹರಿತ್ತು ಅವನ್ನು ಮರೆಮಾಡಿರುತ್ತದೆ. ಬ್ಯಾಡಗಿ ಕಾಯಿಗೆ ಕೆಂಪು ಕೊಡುವ ಕ್ಯಾಪ್ಸಾಂಥಿನ್ ಕೂಡ ಇದೇ ಕುಟುಂಬದ್ದು. ಆದರೆ ಹಣ್ಣಾಗುವ ಕಾಯಿಯಲ್ಲಿ ಆ ವರ್ಣಕ ಹೊಸದಾಗಿ ತಯಾರಾಗುತ್ತದೆ. ಬಿಳಿಚುವ ಎಲೆಯಲ್ಲಿ ಹಸಿರು ಕಳೆದುಹೋಗುತ್ತದೆ. ಒಂದು ಬೆಳವಣಿಗೆ, ಇನ್ನೊಂದು ನಷ್ಟ.

ಅದೇ ಕಾಲದಲ್ಲಿ ಜರ್ಮನಿಯ ವಿಲ್‌ಸ್ಟೆಟರ್, ಪತ್ರಹರಿತ್ತಿನ ಅಣುವಿನಲ್ಲಿರುವ ಲೋಹ ಮೆಗ್ನೀಸಿಯಮ್ ಎಂದು ತೋರಿಸಿದ. 1915ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಹಾಗಾದರೆ ಗ್ರಿ ಕೊಟ್ಟ ಕಬ್ಬಿಣ ಮಾಡಿದ್ದೇನು? ಪತ್ರಹರಿತ್ತಿನಲ್ಲಿ ಕಬ್ಬಿಣವಿಲ್ಲ; ಆದರೆ ಅದನ್ನು ತಯಾರಿಸುವ ಕೆಲಸಕ್ಕೆ ಕಬ್ಬಿಣ ಬೇಕು. ಗೋಡೆಯಲ್ಲಿ ಗಾರೆಯವನ ಕರಣಿ ಇರುವುದಿಲ್ಲ, ಕರಣಿಯಿಲ್ಲದೆ ಗೋಡೆ ಏಳುವುದೂ ಇಲ್ಲ.

ಇದ್ದೂ ಇಲ್ಲದ ಕಬ್ಬಿಣ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲೋಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿತು. ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಬಳ್ಳಿಗಳ ಬೇರಿಗೆ ಫ್ರೆಂಚ್ ದ್ರಾಕ್ಷಿಯನ್ನು ಕಸಿ ಮಾಡಿದರು. ಆದರೆ ಸುಣ್ಣದ ನೆಲದಲ್ಲಿ ಆ ಗಿಡಗಳು ಹಳದಿಗಟ್ಟಿದವು. ಆಗ, 1887ರಲ್ಲಿ, ಪಿಯರ್ ವಿಯಾಲಾ ಅಮೆರಿಕಕ್ಕೆ ಹೋಗಿ ಟೆಕ್ಸಾಸ್‌ನ ಸುಣ್ಣದ ನೆಲದಲ್ಲಿಯೂ ಹಸಿರಾಗಿರುವ ಕಾಡುದ್ರಾಕ್ಷಿಯನ್ನು ಗುರುತಿಸಿದ. ಔಷಧಿಯಿಂದಲ್ಲ, ನೆಲಕ್ಕೆ ಹೊಂದುವ ಬೇರಿನಿಂದ ಆ ಹಳದಿಗೆ ಪರಿಹಾರ ದೊರೆಯಿತು.

ಸುಣ್ಣಕ್ಕೂ ಹಳದಿಗೂ ಏನು ಸಂಬಂಧ? ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಕ್ಷಾರಗುಣ ಏರಿದಂತೆ ಅದು ಕರಗುವುದಿಲ್ಲ. ಪಿಎಚ್ ಒಂದು ಅಂಕ ಏರಿದರೆ ಕರಗಿದ ಫೆರಿಕ್ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಸುಣ್ಣದ ಹರಳುಗಳು ಸಾಮಾನ್ಯ. ಅಂಥ ಮಣ್ಣನ್ನು ಕುಂಡಕ್ಕೆ ತುಂಬಿ, ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಂಥ ಗಡಸು ಬೋರ್‌ವೆಲ್ ನೀರನ್ನು ದಿನವೂ ಎರೆದರೆ ಕರಿಬೇವಿನ ಚಿಗುರು ಬಿಳಿಚುವುದು ಸಹಜ. ಎರೆ ಮಣ್ಣು ನೀರನ್ನು ಹಿಡಿದಿಡುವುದರಿಂದ ಬೇರಿಗೆ ಉಸಿರುಕಟ್ಟಿ ತೊಂದರೆ ಇಮ್ಮಡಿಯಾಗುತ್ತದೆ.

ಇಂಥ ಮಣ್ಣಿಗೆ ಬರಿಯ ಅನ್ನಭೇದಿ ಸುರಿದರೆ ಅದೂ ಬೇಗ ಕರಗದ ರೂಪಕ್ಕೆ ತಿರುಗುತ್ತದೆ. 1950ರ ದಶಕದ ಆರಂಭದಲ್ಲಿ ಫ್ಲಾರಿಡಾದ ಕಿತ್ತಳೆ ತೋಟಗಳಲ್ಲಿ ಸ್ಟೀವರ್ಟ್ ಮತ್ತು ಲಿಯೊನಾರ್ಡ್, ಕಬ್ಬಿಣವನ್ನು ಸಾವಯವ ಅಣುವೊಂದು ಹಿಡಿದಿಟ್ಟುಕೊಂಡ ‘ಕೀಲೇಟ್’ ರೂಪದಲ್ಲಿ ಕೊಟ್ಟು ಯಶಸ್ಸು ಕಂಡರು. ಇಂದು ಅಂಗಡಿಯಲ್ಲಿ ಸಿಗುವ ಕೀಲೇಟ್‌ಗಳ ಮೂಲ ಇದು. ಸುಣ್ಣದ ಮಣ್ಣಿಗೆ ಇಡಿಟಿಎ ಬಗೆಗಿಂತ ಇಡಿಡಿಎಚ್‌ಎ ಬಗೆಯದು ಹೆಚ್ಚು ಬಾಳುತ್ತದೆ.

ರೋಗವೋ, ಕೊರತೆಯೋ?

1966ರಲ್ಲಿ ಪಂತನಗರದ ಸಸ್ಯರೋಗ ವಿಜ್ಞಾನಿ ವೈ. ಎಲ್. ನೆನೆ, ತರಾಯಿ ಪ್ರದೇಶದ ಭತ್ತವನ್ನು ಕಾಡುತ್ತಿದ್ದ ‘ಖೈರಾ’ ರೋಗ ಸತುವಿನ ಕೊರತೆ ಎಂದು ತೋರಿಸಿದರು. ರೋಗಾಣುವೇ ಇಲ್ಲದ ರೋಗ ಅದು. ಸತುವಿನ ಸಲ್ಫೇಟ್ ಸಿಂಪಡಿಸಿದರೆ ಸಾಕಾಯಿತು. ಅಡಿಕೆಯ ಹಳದಿ ಎಲೆ ರೋಗದ ಕಥೆ ಇದಕ್ಕೆ ವಿರುದ್ಧ. 1914ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಇದು ನಮ್ಮ ಶೃಂಗೇರಿ, ಕೊಪ್ಪ, ಸುಳ್ಯ ಭಾಗದ ತೋಟಗಳನ್ನೂ ಹಿಂಡಿತು. 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇಂದು ಫೈಟೊಪ್ಲಾಸ್ಮ ಎನ್ನುವ ಸೂಕ್ಷ್ಮಜೀವಿ. ಗೊಬ್ಬರದಿಂದ ಮರಕ್ಕೆ ತ್ರಾಣ ಬರಬಹುದು, ರೋಗ ಹೋಗದು.

ಬ್ಯಾಡಗಿ ಮೆಣಸಿನ ಮುಟುರು ರೋಗದಲ್ಲಿ ಗೊಂದಲ ಇನ್ನೂ ಹೆಚ್ಚು. ಎಲೆ ಮುದುಡಿ, ಬಣ್ಣಗೆಟ್ಟು, ಗಿಡ ಗಿಡ್ಡಾಗುತ್ತದೆ. ಇದರ ಹಿಂದೆ ಒಂದಕ್ಕಿಂತ ಹೆಚ್ಚು ಅಪರಾಧಿಗಳು. ಒಂದು ಥ್ರಿಪ್ಸ್ ಕೀಟ. ದಕ್ಷಿಣ ಭಾರತದಲ್ಲಿ ಸಂಗ್ರಹಿಸಿದ ಮಾದರಿಗಳನ್ನು ನೋಡಿ ಅಮೆರಿಕದ ಹುಡ್ 1919ರಲ್ಲಿ ಇದಕ್ಕೆ ಹೆಸರಿಟ್ಟ. ಇನ್ನೊಂದು ಮೈಟ್ ನುಸಿ. ಇದು ಕೀಟವಲ್ಲ, ಜೇಡದ ಬಳಗದ್ದು, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಥ್ರಿಪ್ಸ್ ಹೀರಿದ ಎಲೆ ಮೇಲ್ಮುಖವಾಗಿ, ನುಸಿ ಹೀರಿದ ಎಲೆ ಕೆಳಮುಖವಾಗಿ ಮುದುಡುತ್ತದೆ. ಇವುಗಳ ಜೊತೆಗೆ ಬಿಳಿನೊಣ ಹರಡುವ ನಂಜಾಣುವೂ ಇದೆ. ಥ್ರಿಪ್ಸ್‌ಗೆಂದು ಹೊಡೆದ ಕೀಟನಾಶಕ ನುಸಿಯನ್ನು ಕೊಲ್ಲದಿರಬಹುದು. ನುಸಿಯನ್ನು ತಿನ್ನುವ ಜೀವಿಗಳನ್ನು ಕೊಂದು ಅದನ್ನು ಹೆಚ್ಚಿಸಲೂಬಹುದು. 2021ರಲ್ಲಿ ಹೊರಗಿನಿಂದ ಬಂದ ಮತ್ತೊಂದು ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೂವುಗಳಿಗೇ ಮುತ್ತಿದಾಗ, ಯಾವ ಪ್ರಭೇದ ಎಂದು ಗುರುತಿಸುವುದು ಎಷ್ಟು ಮುಖ್ಯ ಎಂಬುದು ರೈತರಿಗೆ ಮತ್ತೊಮ್ಮೆ ಅರಿವಾಯಿತು.

ಇತಿಹಾಸ ಕಲಿಸುವ ಕ್ರಮ

ಈ ಎಲ್ಲ ಸಂಶೋಧನೆಗಳ ಸಾರವನ್ನು ಮನೆಯ ಕುಂಡಕ್ಕೆ ಹೀಗೆ ಅನ್ವಯಿಸಬಹುದು.

ಮೊದಲು ಮಣ್ಣಿಗೆ ಬೆರಳಿಡಿ. ಎರಡು ಅಂಗುಲ ಆಳದಲ್ಲಿ ಸದಾ ಒದ್ದೆಯಿದ್ದು, ವಾಸನೆ ಬರುತ್ತಿದ್ದರೆ ತೊಂದರೆ ಬೇರಿನದು. ನೀರು ನಿಲ್ಲಿಸಿ, ಕುಂಡದ ತೂತು ಬಿಡಿಸಿ. ಗೊಬ್ಬರ ಹಾಕಬೇಡಿ.

ಎರಡನೆಯದಾಗಿ, ಎಲೆಯನ್ನು ತಿರುಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅಡಿಭಾಗವನ್ನೂ ಎಳೆಯ ಚಿಗುರನ್ನೂ ನೋಡಿ. ಓಡಾಡುವ ಜೀವಿಗಳಿದ್ದರೆ ಗೊಬ್ಬರದಿಂದ ಪ್ರಯೋಜನವಿಲ್ಲ.

ಮೂರನೆಯದಾಗಿ, ಯಾವ ಎಲೆ ಹಳದಿಯಾಗಿದೆ ಎಂದು ಗಮನಿಸಿ. ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕ. ಎರೆಗೊಬ್ಬರ ಅಥವಾ ಹಿಂಡಿ ಕೊಡಬಹುದು. ಕೆಳಗಿನ ಎಲೆಯಲ್ಲಿ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಮ್. ಚಿಗುರಿನಲ್ಲಿ ಹಾಗಾದರೆ ಕಬ್ಬಿಣ. ವಯಸ್ಸಾದ ಒಂದೆರಡು ಎಲೆ ಉದುರುವುದು ಮಾತ್ರ ಗಿಡದ ಸ್ವಭಾವ.

ನಾಲ್ಕನೆಯದಾಗಿ, ಒಣಮಣ್ಣಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ನೊರೆಯುಕ್ಕಿದರೆ ಸುಣ್ಣವಿದೆ. ಆಗ ಗ್ರಿ ಮಾಡಿದ ಪ್ರಯೋಗವನ್ನೇ ಮಾಡಿ: ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಸ್ವಲ್ಪ ನಿಂಬೆರಸ ಬೆರೆಸಿ, ಸಂಜೆ ಒಂದೇ ಒಂದು ಚಿಗುರೆಲೆಗೆ ಹಚ್ಚಿ. ಒಂದೆರಡು ವಾರದಲ್ಲಿ ಆ ಎಲೆ ಹಸಿರಾಗಿ, ಪಕ್ಕದ ಎಲೆ ಹಳದಿಯಾಗಿಯೇ ಉಳಿದರೆ ಕಾರಣ ಸಿಕ್ಕಿತು. ಇಡೀ ಗಿಡಕ್ಕೆ ಸಿಂಪಡಿಸಿ, ಮುಂದಿನ ಸಲ ಕುಂಡಕ್ಕೆ ಕೆಂಪು ಮಣ್ಣು, ಕೊಳೆತ ಗೊಬ್ಬರ ತುಂಬಿ, ಸಾಧ್ಯವಾದರೆ ಮಳೆನೀರು ಬಳಸಿ.

ಹೊಲದ ರೈತರಿಗೂ ಕ್ರಮ ಇದೇ, ಪ್ರಮಾಣವಷ್ಟೇ ಬೇರೆ. ರಾಣೆಬೆನ್ನೂರಿನ ಬಳಿಯ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಔಷಧಿ ಅಂಗಡಿಗೆ ಹೋಗುವ ಮೊದಲು ಬೇರುಸಹಿತ ಒಂದು ಗಿಡವನ್ನೂ ಒಂದು ಹಿಡಿ ಮಣ್ಣನ್ನೂ ಅಲ್ಲಿಗೆ ಒಯ್ದು ತೋರಿಸುವುದು ಲೇಸು. ಮೊದಲು ಒಂದು ಎಲೆ, ಒಂದು ಗಿಡ, ಒಂದು ಸಾಲು. ಆಮೇಲೆ ಇಡೀ ಹೊಲ.