ಕ್ಯಾಂಪ್ ನಂಬರ್ ಮೂರು

ಮೇ ತಿಂಗಳು ಬಂತೆಂದರೆ ಗೋರೆಗಾಂವಿನ ನಮ್ಮ ಕನ್ನಡದವರ ಮನೆಗಳಿಗೆಲ್ಲ ಬೀಗ. ಎಲ್ಲರೂ ಊರಿಗೆ. ನಮ್ಮ ಕಟ್ಟಡದಲ್ಲಿದ್ದ ಸಿಂಧಿ ಅಜ್ಜಿಯ ಮನೆಗೆ ಮಾತ್ರ ಬೀಗ ಬಿದ್ದದ್ದನ್ನು ನಾನು ಕಾಣಲಿಲ್ಲ. ಒಮ್ಮೆ ತಡೆಯಲಾರದೆ, "ನೀವು ಊರಿಗೆ ಹೋಗೋದಿಲ್ವಾ?" ಎಂದು ಕೇಳಿಯೇಬಿಟ್ಟೆ. "ನನ್ನ ಊರು ಅಂದ್ರೆ ಕ್ಯಾಂಪ್ ನಂಬರ್ ಮೂರು, ಬೇಟಾ. ದಾದರಿನಲ್ಲಿ ಗಾಡಿ ಬದಲಿಸಿದ್ರೆ ಆಯ್ತು" ಎಂದರು.

ಕ್ಯಾಂಪ್ ಎಂದರೆ ಉಲ್ಲಾಸನಗರ. 1948ರ ಜನವರಿ 6ರಂದು ಕರಾಚಿಯಲ್ಲಿ ಗಲಭೆಯಾದ ಮೇಲೆ ಸಿಂಧಿ ಹಿಂದೂಗಳು ಹಡಗು ತುಂಬಿ ಮುಂಬಯಿಗೆ ಬಂದರು. ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಕಲ್ಯಾಣದ ಬಳಿ ಕಟ್ಟಿದ್ದ ಬ್ಯಾರಕ್ಕುಗಳಲ್ಲಿ ಸರ್ಕಾರ ಲಕ್ಷದಷ್ಟು ಜನರನ್ನು ತುಂಬಿತು. ಉದ್ದನೆಯ ಒಂದೇ ಕೋಣೆ. ಸೀರೆ, ಗೋಣಿತಟ್ಟು ಇಳಿಬಿಟ್ಟರೆ ಅದೇ ಸಂಸಾರ ಸಂಸಾರದ ನಡುವಿನ ಗೋಡೆ. 1949ರ ಆಗಸ್ಟ್ 8ರಂದು ಉಲ್ಲಾಸನಗರವೆಂಬ ಹೆಸರಾಯಿತು, ಪಕ್ಕದ ಉಲ್ಹಾಸ್ ನದಿಯಿಂದ. ಉಲ್ಲಾಸ ಇದ್ದದ್ದು ಹೆಸರಿನಲ್ಲಷ್ಟೆ.

ಕಲ್ಯಾಣದ ಮಟ್ಟಿಗೆ ಅದು ಪಕ್ಕದಲ್ಲಿ ಇನ್ನೊಂದು ಊರೇ ಬಂದು ಕೂತಂತೆ. ಸರ್ಕಾರದ ರೇಶನ್ ಎಷ್ಟು ದಿನ? ಹೆಂಗಸರು ಹಪ್ಪಳ ಲಟ್ಟಿಸಿದರು, ಗಂಡಸರು ಲೋಕಲ್ ಗಾಡಿಗಳಲ್ಲಿ ಚಿಲ್ಲರೆ ಸಾಮಾನು ಮಾರಿದರು. ಕಾಸಿನ ಲಾಭಕ್ಕೆ ಮಾರುವವರನ್ನು ಕಂಡರೆ ಹಳೇ ಅಂಗಡಿಯವರಿಗೆ ಹೊಟ್ಟೆಯುರಿ. ಆಮೇಲೆ 'ಮೇಡ್ ಇನ್ ಯುಎಸ್‌ಎ' ಎಂದರೆ 'ಉಲ್ಲಾಸನಗರ ಸಿಂಧಿ ಅಸೋಸಿಯೇಶನ್' ಎಂಬ ಗೇಲಿ ಹುಟ್ಟಿತು. ನಾನೂ ನಕ್ಕವನೇ. ಅಜ್ಜಿಯೆದುರು ಒಮ್ಮೆ ಆ ಮಾತು ಬಾಯಿಗೆ ಬಂದುಬಿಟ್ಟಿತು. ಅವರು ನಗಲಿಲ್ಲ. "ನಮ್ಮನ್ನ ಶರಣಾರ್ಥಿ ಅಂತಿದ್ರು. ನಾವು ಪುರುಷಾರ್ಥಿ ಅಂತ ಹೇಳ್ಕೊಂಡ್ವಿ" ಎಂದಷ್ಟೇ ಹೇಳಿ ಒಳಗೆ ಹೋದರು. ವಾರಗಟ್ಟಲೆ ನನಗೆ ಅವರ ಮುಖ ನೋಡಲಾಗಲಿಲ್ಲ.

1936ರವರೆಗೆ ಸಿಂಧ್ ಕೂಡ ನಮ್ಮ ಧಾರವಾಡ, ಬಿಜಾಪುರಗಳ ಹಾಗೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ನನ್ನ ಅಜ್ಜ, ಈ ಅಜ್ಜಿಯ ಅಪ್ಪ ಇಬ್ಬರೂ ಒಬ್ಬನೇ ಗವರ್ನರನ ಪ್ರಜೆಗಳು! 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿಕೊಂಡೆವು. ಸಿಂಧಿ ಭಾಷೆಗೆ 1967ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಜಾಗ ಸಿಕ್ಕಿತು, ರಾಜ್ಯವೆಂಬುದು ಸಿಗಲಿಲ್ಲ. ಮೇಲೆ ಲಿಪಿಯ ಜಗಳ ಬೇರೆ, ಅರಬ್ಬಿಯೋ ದೇವನಾಗರಿಯೋ ಅಂತ. ಅಜ್ಜಿ ಬರೆದದ್ದನ್ನು ಅವರ ಮೊಮ್ಮಕ್ಕಳು ಓದಲಾರರು. ನನ್ನ ಮಗಳೂ ಕನ್ನಡ ಓದಲು ತಡವರಿಸುತ್ತಾಳೆ, ಆದರೆ ಅವಳನ್ನು ಧಾರವಾಡದ ಬಸ್ಸಾದರೂ ಹತ್ತಿಸಬಹುದು.

ಜೂನಿನಲ್ಲಿ ಮರಳಿದಾಗ ಅಜ್ಜಿಗೆ ಪೇಢೆ ಒಯ್ದು ಕೊಡುತ್ತಿದ್ದೆ. ಪ್ರತಿ ಸಲವೂ ಅದೇ ವಿಚಾರಣೆ: "ಮನೆ ಹಾಗೇ ಇದೆಯಾ? ಬೀಗದ ಕೈ ಯಾರ ಹತ್ರ ಕೊಟ್ಟು ಬಂದೆ?"