ರಸಾನುಭವವೂ ಪ್ರೊಫೆಸರ್ ಹಿರಿಯಣ್ಣನವರೂ

ಸೀತಾಪರಿತ್ಯಾಗದ ಪ್ರಸಂಗವನ್ನು ಕೇಳುತ್ತಿರುವಾಗ ನಿಮ್ಮ ಕಣ್ಣು ತುಂಬಿ ಬರುತ್ತದೆ. ಆದರೂ ನಾಳೆ ಅದೇ ಪ್ರಸಂಗ ಉಂಟೆಂದರೆ ತಪ್ಪದೆ ಹೋಗಿ ಕೂರುತ್ತೀರಿ. ಬಾಳಿನ ದುಃಖಕ್ಕೆ ಹೆದರುವ ಮನಸ್ಸು ಕಾವ್ಯದ ದುಃಖವನ್ನು ಅರಸಿಕೊಂಡು ಹೋಗುವುದೇಕೆ? ಇದು ಸಾಹಿತ್ಯದ ಪ್ರಶ್ನೆಯೆ, ತತ್ತ್ವಶಾಸ್ತ್ರದ ಪ್ರಶ್ನೆಯೆ? ಎರಡೂ ಹೌದೆಂದು ಕಂಡು, ಅದನ್ನು ಹಲವು ವರ್ಷ ಬಿಡದೆ ವಿಚಾರಮಾಡಿದವರು ಮೈಸೂರಿನ ಪ್ರೊಫೆಸರ್ ಎಂ. ಹಿರಿಯಣ್ಣನವರು.

1871ರಲ್ಲಿ ಹುಟ್ಟಿದ ಹಿರಿಯಣ್ಣನವರು ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದು 1927ರಲ್ಲಿ ನಿವೃತ್ತರಾದರು. ಭಾರತೀಯ ದರ್ಶನಗಳನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಅವರ ಹೆಸರನ್ನು ದೂರದೂರಕ್ಕೆ ಮುಟ್ಟಿಸಿತು. ಆದರೆ ಅವರು ಕುಳಿತ ಪೀಠ ತತ್ತ್ವಶಾಸ್ತ್ರದ್ದಲ್ಲ, ಸಂಸ್ಕೃತದ್ದು. ಅಲ್ಲಿ ಉಪನಿಷತ್ತಿಗೂ ನಾಟಕಕ್ಕೂ ನಡುವೆ ಗೋಡೆಯಿರಲಿಲ್ಲ.

1919ರಲ್ಲಿ ಪುಣೆಯಲ್ಲಿ ಪ್ರಥಮ ಪ್ರಾಚ್ಯವಿದ್ಯಾ ಸಮ್ಮೇಳನ ನೆರೆಯಿತು. ಅದಕ್ಕೆ ಹಿರಿಯಣ್ಣನವರು ಒಪ್ಪಿಸಿದ ಪ್ರಬಂಧದ ವಿಷಯ ಭಾರತೀಯ ಸೌಂದರ್ಯಮೀಮಾಂಸೆ. ಭರತನ ನಾಟ್ಯಶಾಸ್ತ್ರಕ್ಕೆ ಅಭಿನವಗುಪ್ತನು ಬರೆದ ವ್ಯಾಖ್ಯಾನ ಆಗ ಇನ್ನೂ ಅಚ್ಚಾಗಿರಲಿಲ್ಲ. ಅದರ ಮೊದಲ ಸಂಪುಟ ಬರೋಡೆಯಿಂದ ಹೊರಬಂದದ್ದು 1926ರಲ್ಲಿ. ಅಲಂಕಾರಶಾಸ್ತ್ರವೆಂದರೆ ಉಪಮೆ ರೂಪಕಗಳ ಪಟ್ಟಿಯೆಂದು ಬಹು ಮಂದಿ ಭಾವಿಸಿದ್ದ ದಿನಗಳಲ್ಲಿ, ಅದರ ಬೇರು ದರ್ಶನಗಳಲ್ಲಿದೆಯೆಂದು ಅವರು ತೋರಿಸಿಕೊಟ್ಟರು.

ಅವರ ವಾದದ ತಿರುಳು ಹೀಗಿದೆ. ನಮ್ಮ ದುಃಖ ನಮ್ಮನ್ನು ಸುಡುವುದು ಅದು 'ನನ್ನದು' ಆದ್ದರಿಂದ. ಕಾವ್ಯದ ಸೀತೆ ನಮಗೆ ನೆಂಟಳೂ ಅಲ್ಲ, ಅನ್ಯಳೂ ಅಲ್ಲ. ಅವಳ ಶೋಕ ಯಾರೊಬ್ಬರ ಸೊತ್ತೂ ಆಗದೆ ಎಲ್ಲರಿಗೂ ಸಾಮಾನ್ಯವಾಗುತ್ತದೆ. ಬೇಕು ಬೇಡಗಳೊಡನೆ 'ನಾನು' ಎಂಬುದೂ ಆ ಹೊತ್ತು ಹಿಂದೆ ಸರಿಯುತ್ತದೆ. ಆಗ ಉಳಿಯುವುದೇ ಆನಂದ. ಹಿಂದೆ ಭಟ್ಟನಾಯಕನು ರಸಾಸ್ವಾದವನ್ನು ಬ್ರಹ್ಮಾಸ್ವಾದಕ್ಕೆ ಹೋಲಿಸಿದ್ದು ಬರಿಯ ಹೊಗಳಿಕೆಯಲ್ಲ.

ಈ ಆನಂದ ಎಲ್ಲಿಯದು? ಇಲ್ಲಿ ದರ್ಶನಗಳ ದಾರಿ ಕವಲೊಡೆಯುತ್ತದೆ. ವೇದಾಂತಿಗೆ ಆನಂದವೇ ವಸ್ತುವಿನ ಸ್ವರೂಪ. ಕಲೆ ಮರೆಯನ್ನು ಸರಿಸಿ ಅದನ್ನು ಕ್ಷಣಕಾಲ ತೋರಿಸುತ್ತದೆ. ಸಾಂಖ್ಯನಿಗಾದರೋ ಕಲೆಯೆಂಬುದು ಸುಖದುಃಖಗಳ ಈ ಲೋಕದಿಂದ ಕೊಂಚ ಹೊತ್ತಿನ ಬಿಡುಗಡೆ, ಅಷ್ಟೆ. ಕಾವ್ಯ ನಿಜವನ್ನು ಕಾಣಿಸುತ್ತದೆಯೋ, ನಿಜದಿಂದ ಪಾರುಮಾಡುತ್ತದೆಯೋ ಎಂಬ ಇಂದಿನ ಚರ್ಚೆಯೂ ಇದೇ ಅಲ್ಲವೆ?

ಆದರೆ ಹಿರಿಯಣ್ಣನವರು ಕಾವ್ಯವನ್ನು ಮೋಕ್ಷದ ಮಟ್ಟಕ್ಕೆ ಏರಿಸಿ ಸುಮ್ಮನಾಗಲಿಲ್ಲ. ಜೀವನ್ಮುಕ್ತನ ಶಾಂತಿ ಜ್ಞಾನದಿಂದ ಬಂದದ್ದು, ಆದ್ದರಿಂದ ನಿಲ್ಲುತ್ತದೆ. ರಸಿಕನ ಶಾಂತಿ ಹೊರಗಿನಿಂದ ಒದಗಿದ್ದು; ತೆರೆ ಬಿದ್ದೊಡನೆ ಹಳೆಯ ರಾಗದ್ವೇಷಗಳು ಬಾಗಿಲಲ್ಲೇ ಕಾದಿರುತ್ತವೆ. ಒಳ್ಳೆಯ ನಾಟಕವನ್ನು ನೋಡಿದ ಮಾತ್ರಕ್ಕೆ ಯಾರೂ ಒಳ್ಳೆಯವರಾಗರು. ಆದರೂ ಸ್ವಾರ್ಥವನ್ನು ಮರೆತು ಇರಲು ಸಾಧ್ಯವೆಂಬುದನ್ನು, ಸಂನ್ಯಾಸವನ್ನು ಕೈಕೊಳ್ಳದ ನಮ್ಮಂಥ ಸಂಸಾರಿಗಳಿಗೆ ಅದು ಅನುಭವಕ್ಕೆ ತಂದುಕೊಡುತ್ತದೆ. ಆ ರುಚಿಯನ್ನು ನಡತೆಯಾಗಿಸಿಕೊಳ್ಳುವ ಹೊಣೆ ಕವಿಯದಲ್ಲ, ನಮ್ಮದು.

ಹಿರಿಯಣ್ಣನವರು 1950ರಲ್ಲಿ ತೀರಿಕೊಂಡರು. ಕಲಾನುಭವವನ್ನು ಕುರಿತ ಅವರ ಬಿಡಿಲೇಖನಗಳು ಮೈಸೂರಿನಲ್ಲಿ ಪುಸ್ತಕವಾದದ್ದು 1954ರಲ್ಲಿ. ಅದು ಗಾತ್ರದಲ್ಲಿ ಚಿಕ್ಕದು. ಕನ್ನಡದಲ್ಲಿ ಈ ಶಾಸ್ತ್ರವನ್ನು ಅರಿಯಬಯಸುವವರಿಗೆ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಉಂಟು. ಇವೆರಡನ್ನೂ ಓದಿದ ಮೇಲೆ ಬಾನುಲಿಯಲ್ಲಿ ಒಂದು ನಾಟಕ ಕೇಳಿ ನೋಡಿ: ಅದು ಮುಗಿದ ಬಳಿಕ ಮನೆಮಂದಿಯೊಡನೆ ಆಡುವ ಮೊದಲ ಮಾತಿನಲ್ಲಿ ಆ ರಸ ಇನ್ನೂ ಎಷ್ಟು ಉಳಿದಿದೆಯೆಂಬುದು ನಿಮಗೇ ತಿಳಿಯುತ್ತದೆ.